ಬಲಗಡೆಯ ಹೊಸ ತಗಡು

ಪೊಕಟೆಲೊ, ಮೇ ೯

ಪ್ರಿಯ ಕಾರ್ಬಿನ್,

ಶನಿವಾರ ನೀನು ಕೊಟ್ಟು ಹೋದ ಮುಂಗಡದ ಚೆಕ್ಕನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ಹಿಂದೆ ಬೈಕು ಏರಿಸಿ ಒಳಗೆ ಮಲಗಲೂ ಆಗುವ ನನ್ನ ಟಾಯ್ ಹಾಲರ್ ಟ್ರೇಲರನ್ನು ನಿನಗೆ ಮಾರುವುದಿಲ್ಲ. ಬೇರೆಯವರು ಹೆಚ್ಚು ಬೆಲೆ ಹೇಳಿದರೆಂದು ತಿಳಿಯಬೇಡ.

"ಸುಮ್ನಿರಿ ಯಜಮಾನ್ರೇ, ನನ್ ಹಾಫ್ ಟನ್ ಪಿಕಪ್ ಹನ್ನೊಂದ್ ಸಾವಿರ ಪೌಂಡ್ ಎಳಿಯುತ್ತೆ" ಅಂದೆಯಲ್ಲ, ಎಳೆಯುತ್ತದೆ. ಹೊರುವುದು ಬೇರೆ ಮಾತು. ನೀನೂ ಶೇಲಿಯೂ ಟ್ರೇಲರ್ ಒಳಗಿದ್ದಾಗ ನಿನ್ನ ಪಿಕಪ್ಪಿನ ಬಾಗಿಲು ತೆಗೆದು ಅಲ್ಲಿನ ಹಳದಿ ಚೀಟಿ ಓದಿದೆ, ಕ್ಷಮಿಸು. ಜನ, ಸಾಮಾನು ಎಲ್ಲ ಸೇರಿ ಅದು ಹೊರಬಹುದಾದದ್ದು ಸಾವಿರದ ನಾನೂರೈವತ್ತು ಪೌಂಡ್. ಪಿಕಪ್ಪಿಗೆ ಸಿಕ್ಕಿಸುವ ಈ ಟ್ರೇಲರಿನ ಮೂತಿಯ ಭಾರವೇ ಅದರ ಬೆನ್ನ ಮೇಲೆ ಸಾವಿರ ಪೌಂಡ್ ಬೀಳುತ್ತದೆ. ಇನ್ನು ನೀನು, ಶೇಲಿ, ಮಗು, ಆ ದಪ್ಪ ನಾಯಿ. ಕೂಡಿಸಿ ನೋಡು.

"ಹಿಂದೆ ಬೈಕ್ ತುಂಬಿದ್ರೆ ಮೂತಿ ಹಗುರಾಗುತ್ತೆ ಬಿಡಿ" ಅಂದಳು ಶೇಲಿ. ಹಗುರಾಗುತ್ತದೆ. ಆಗಲೇ ಇಳಿಜಾರಿನಲ್ಲಿ ಟ್ರೇಲರಿನ ಬಾಲ ಅತ್ತಿತ್ತ ಬೀಸತೊಡಗುವುದು. ಆಮೇಲೆ ಸ್ಟೀರಿಂಗ್ ಯಾರ ಮಾತೂ ಕೇಳುವುದಿಲ್ಲ.

ತುಂಬಿದರೂ ಐದು ಸಾವಿರ ಪೌಂಡ್ ದಾಟದ ಚಿಕ್ಕದೊಂದನ್ನು ಹುಡುಕು. ಬೈಕು ಓಡಿಸಲು ಮರಳುದಿಬ್ಬಕ್ಕೆ ಹೊರಡುವ ಮುನ್ನ ಎಲ್ಲ ಹೇರಿ ವೇಬ್ರಿಡ್ಜ್ ಮೇಲೆ ನಿಲ್ಲಿಸು. ಎಷ್ಟು ಬಂತೆಂದು ನನಗೆ ಫೋನ್ ಮಾಡು. ಮರೆಯಬೇಡ, ಕಾಯುತ್ತಿರುತ್ತೇನೆ.

ಟ್ರೇಲರಿನ ಬಲಗಡೆಯ ತಗಡು ಮಾತ್ರ ಯಾಕೆ ಹೊಸದೆಂದು ಶೇಲಿ ಕೇಳಿದಳು. ಆಲಿಕಲ್ಲು ಬಿದ್ದಿತ್ತು ಎಂದೆ. ಆಲಿಕಲ್ಲಲ್ಲ, ಇಳಿಜಾರಿನಲ್ಲಿ ಬಾಲ ಬೀಸಿ ಘಾಟಿಯ ಬಂಡೆಗೆ ಬಡಿದದ್ದು. ಅವತ್ತು ಟ್ರೇಲರನ್ನು ಎಳೆದುಕೊಂಡು ಹೋದವನು ನನ್ನ ಮಗ ಡೆಲ್, ನಿನ್ನಂಥದೇ ಪಿಕಪ್ಪಿನಲ್ಲಿ. "ಸುಮ್ನಿರಪ್ಪ, ಎಳಿಯುತ್ತೆ" ಅಂದ.

ನಾನು ಸುಮ್ಮನಿದ್ದೆ.

ಇತಿ,
ವರ್ಲ್ ಹ್ಯಾಚ್