ಪರಸ್ಥಾನ ಇಟ್ಟ ಬ್ಯಾಗು

ಸ್ವರ್ಣಪುರಿ, ಸೇಲಂ
13 ನವೆಂಬರ್ 2025, ಗುರುವಾರ

ಪ್ರೀತಿಯ ಅಪೂ,

ಹೇಗಿದ್ದೀಯೆ? ಪೋಖರಾದಲ್ಲಿ ಚಳಿ ಹೇಗಿದೆ? ನಿನಗೆ ಮೊದಲೇ ಸೈನಸ್. ಕಿವಿ ಮುಚ್ಚುವ ಹಾಗೆ ಟೋಪಿ ಎಳೆದುಕೊಳ್ಳದೆ ಹೊರಗೆ ಬರಬೇಡ. ಎತ್ತರಕ್ಕೆ ಹೋದಂತೆ ತಲೆ ನೋಯತೊಡಗಿದರೆ ಮುಚ್ಚಿಡದೆ ಗೈಡ್‌ಗೆ ಹೇಳು. ನಿನಗೆ ಮುಚ್ಚಿಡಲು ಬರುತ್ತದೆಂದು ಈಗ ಗೊತ್ತಾಗಿರುವುದರಿಂದ ಈ ಮಾತು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಭಾವ ಎಂದಿನಂತೆ ಮೆಟ್ಟೂರಿಗೆ ಡ್ಯೂಟಿಗೆ ಹೋಗಿ ಬರುತ್ತಿದ್ದಾರೆ. ಇದನ್ನು ಕಾಗದದ ಮೇಲೆ ಬರೆದು ಫೋಟೋ ತೆಗೆದು ಕಳಿಸುತ್ತೇನೆ, ಸಿಗ್ನಲ್ ಸಿಕ್ಕ ಕಡೆ ಓದಿಕೋ. ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕಿ ನನ್ನನ್ನು ನಗಿಸಿಬಿಡುತ್ತೀಯೆ. ಈ ಸಲ ನನಗೆ ನಗುವುದು ಬೇಡ.

ಭಾನುವಾರ ಅಮ್ಮ ಧರ್ಮಪುರಿಯಿಂದ ಬಂದು ಮಾಡಿದ ಗಲಾಟೆ ನೆನಪಿದೆಯಲ್ಲ. "ಮಂಗಳವಾರ ಬಡಗು ದಿಕ್ಕಿಗೆ ಶೂಲ ಕಣ್ರೇ. ಆ ಟ್ರೆಕ್ಕಿಂಗ್ ಕಂಪೆನಿಯವನಿಗೆ ಪಂಚಾಂಗ ಗೊತ್ತಿಲ್ಲ ಸರಿ, ನಿಮಗೂ ಗೊತ್ತಿಲ್ವಾ?" ಎಂದು ನಮ್ಮಿಬ್ಬರ ಬ್ಯಾಗುಗಳ ಮೇಲೆ ಮಂತ್ರಾಕ್ಷತೆ ಹಾಕಿ, ಒಳ್ಳೆಯ ದಿನವೇ ಪ್ರಯಾಣ ಹೊರಟ ಲೆಕ್ಕವಾಗಲೆಂದು ನಿನ್ನ ಮನೆಯ ಹಿಂದಿರುವ ಚೆಲ್ಲಮ್ಮನ ಮನೆಯಲ್ಲಿ ಪರಸ್ಥಾನ ಇಡಿಸಿದಳು. ಹಾಗೆ ಹೊಸ್ತಿಲು ದಾಟಿದ ಗಂಟು, ಊರು ನೋಡದೆ ಮನೆಗೆ ವಾಪಸು ಬರಬಾರದು ಎಂದೂ ಹೇಳಿ ಹೋದಳು. ಸೋಮವಾರ ಸಂಜೆ ನಿನ್ನ ಫೋನ್: "ಅಕ್ಕಾ, ಗ್ರೂಪ್ ತುಂಬಲಿಲ್ವಂತೆ, ಮಾರ್ಚಿಗೆ ತಳ್ಳಿದಾರೆ. ಅಮ್ಮನಿಗೆ ನಾನೇ ಹೇಳ್ತೀನಿ, ನೀ ಟೆನ್ಷನ್ ಆಗ್ಬೇಡ." ಹಾಗಾದರೆ ಬ್ಯಾಗು ತಂದುಬಿಡಲೇ ಎಂದು ಕೇಳಿದೆ. "ಪರಸ್ಥಾನ ಇಟ್ಟಿದ್ದನ್ನ ತಕ್ಷಣ ತರಬಾರ್ದಕ್ಕಾ, ಅಲ್ಲೇ ಇರ್ಲಿ" ಅಂದೆ. ರಾಹುಕಾಲದಲ್ಲೇ ಸ್ಕೂಟಿ ಡೆಲಿವರಿ ತೆಗೆದುಕೊಂಡವಳು ನೀನು. ಅಮ್ಮನ ಮಾತಿಗೆ ಇಷ್ಟು ಬೆಲೆ ಕೊಡುತ್ತಿದ್ದಾಳಲ್ಲ ಎಂದು ನನಗೆ ಕಣ್ಣು ತುಂಬಿ ಬಂತು, ಅಪೂ.

ನಿನ್ನೆ ಬೆಳಿಗ್ಗೆ ನನ್ನ ಥೈರಾಯ್ಡ್ ಮಾತ್ರೆ ಮುಗಿದಿತ್ತು. ಹೊಸ ಸ್ಟ್ರಿಪ್ ಆ ಬ್ಯಾಗಿನ ಪಕ್ಕದ ಜೇಬಿನಲ್ಲಿತ್ತು. ಅದೊಂದನ್ನು ತೆಗೆದುಕೊಂಡು ಬರೋಣವೆಂದು ಚೆಲ್ಲಮ್ಮನ ಮನೆಗೆ ಹೋದೆ. ಅವಳು ಕೈಯಲ್ಲಿದ್ದ ಪೊರಕೆ ಬಿಟ್ಟು ನನ್ನನ್ನೇ ನೋಡಿದಳು. "ಏನಕ್ಕಾ ಇದು? ಬ್ಯಾಗು ಓಯ್ತಲ್ಲಾ! ನೀವು ಓಗ್ಲಿಲ್ವಾ?" ಅಂದಳು. "ನಿಮ್ ತಂಗಿ, ಚಿನ್ನಕ್ಕ, ನೆನ್ನೆ ಬಂದು ಎರಡೂ ಎತ್ಕೊಂಡೋಯ್ತು. ಅಕ್ಕ ಕಾರಲ್ಲೇ ಕುಂತವ್ಳೆ ಅಂತು. ನಾನು ಇಲ್ಲಿಂದ್ಲೇ ಕೈ ಆಡ್ಸಿದೆ, ಒಳಗಿದ್ದೋರೂ ಆಡ್ಸಿದ್ರು. ಅಯ್ಯೋ ಪಾವಂ, ಅದು ಯಾರಕ್ಕಾ ಅಂಗಾದ್ರೆ?" ಕೊನೇ ಗಳಿಗೆಯಲ್ಲಿ ನಾನೇ ಬೇಡವೆಂದೆ ಅಂದುಬಿಟ್ಟೆ. ಅವಳು ನಂಬಲಿಲ್ಲ. ಕಾಫಿ ಕೊಟ್ಟಳು, ಸಕ್ಕರೆ ಎರಡು ಪಟ್ಟು ಹಾಕಿ. ಯಾರು ಕೈ ಆಡಿಸಿದ್ದೆಂದು ಇವತ್ತು ಗೊತ್ತಾಯಿತು. ನಿನ್ನ ಗೆಳತಿ ವಾಣಿಶ್ರೀ ಸ್ಟೇಟಸ್‌ನಲ್ಲಿ ಸರೋವರದ ದಡದಲ್ಲಿ ನಿಂತಿದ್ದಾಳೆ, ನನ್ನ ಮೆರೂನ್ ಜಾಕೆಟ್ ಹಾಕಿಕೊಂಡು. ಪಕ್ಕದಲ್ಲಿ ಅವಳ ಹೆಗಲ ಮೇಲೆ ಕೈ ಹಾಕಿ ನೀನು.

ನಾನು ನಿಧಾನ, ಒಪ್ಪಿಕೊಳ್ಳುತ್ತೇನೆ. ಏರ್ಕಾಡಿಗೆ ಬೆಟ್ಟದ ಬುಡದ ಅಡಿವಾರದಿಂದ ನಡೆದು ಹತ್ತುವ ಭಾನುವಾರಗಳಲ್ಲಿ ಪ್ರತಿ ತಿರುವಿನಲ್ಲೂ ಕಟ್ಟೆ ಹುಡುಕುತ್ತಿದ್ದವಳು ನಾನೇ. "ಮೆಲ್ಲ ಬನ್ನಿ ಅಕ್ಕಾ, ಮಲೆ ಎಲ್ಲಿಗೂ ಎದ್ದೋಗಲ್ಲ" ಎಂದು ವಾಣಿಶ್ರೀ ರೇಗಿಸಿದಾಗ ನೀನು ನಕ್ಕೆ. ನಾನೂ ನಕ್ಕೆ. ಬಹುಶಃ ಆಗಲೇ ನಿಮ್ಮಿಬ್ಬರ ನಡುವೆ ಮಾತಾಗಿತ್ತು. ನಿನ್ನೆಯಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ: "ಅಕ್ಕಾ, ನಿನ್ನ ಕೈಲಾಗಲ್ಲ, ನೀ ಬರಬೇಡ" ಎಂದು ಎದುರಿಗೇ ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ? ಅಳುತ್ತಿದ್ದೆ. ನಿನ್ನ ಜೊತೆ ಮಾತು ಬಿಡುತ್ತಿದ್ದೆ. ಆಮೇಲೆ ನಾನೇ ಬಂದು ಆ ಜಾಕೆಟ್ ಕೊಡುತ್ತಿದ್ದೆ ಎಂದು ಬರೆಯಲು ಹೊರಟೆ, ಆದರೆ ಅದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ಕೊಡದೇ ಇರುವ ಅವಕಾಶವಾದರೂ ನನಗೆ ಇರಬೇಕಿತ್ತಲ್ಲವೇ? ನೀನು ಬೆಟ್ಟಕ್ಕೆ ಹೋದದ್ದರ ಬಗ್ಗೆ ನನಗೆ ಸಿಟ್ಟಿಲ್ಲ. ನಾನು ಕಾರಿನಲ್ಲಿ ಕೂತಿದ್ದೇನೆಂದು ಹೇಳಿ ಹೋದೆಯಲ್ಲ, ಅದು ನನ್ನನ್ನು ತಿನ್ನುತ್ತಿದೆ. ನನ್ನನ್ನು ಬಿಟ್ಟು ಹೋಗುವುದಕ್ಕೂ ನಿನಗೆ ನನ್ನ ಹೆಸರೇ ಬೇಕಾಯಿತು.

ವಾಣಿಶ್ರೀ ಕಾಲಲ್ಲಿರುವುದು ನನ್ನ ಶೂ ತಾನೇ? ಎಡಗಾಲಿನದು ಹಿಮ್ಮಡಿ ಕಚ್ಚುತ್ತದೆ. ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಲು ಹೇಳು. ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ. ಬೆಟ್ಟದ ಮೇಲೆ ಅವಳು ಕುಂಟಿದರೆ ನೀನೂ ನಿಲ್ಲಬೇಕಾಗುತ್ತದೆ, ಅಷ್ಟೇ.

ರಾಯರು ನಿನ್ನನ್ನು ಜೋಪಾನವಾಗಿ ಇಳಿಸಿಕೊಂಡು ಬರಲಿ. ಇಳಿದ ಮೇಲೆ ನಮ್ಮ ಮನೆಗೆ ಬಾ. ಆದರೆ ತಕ್ಷಣ ಬೇಡ.

ನಿನ್ನ ಅಕ್ಕ,
ವಸುಧಾ

ಇನ್ನೊಂದು ಮಾತು: ಇಷ್ಟು ಬರೆದು ಫೋಟೋ ತೆಗೆಯುವಷ್ಟರಲ್ಲಿ ಅಮ್ಮನ ಫೋನ್ ಬಂತು. ಅವಳಿಗೆ ನೀನು ಏನೂ ಹೇಳಿಯೇ ಇಲ್ಲ! "ವಸೂ, ನೀ ಜೊತೆಗಿದೀಯ ಅಂತಲೇ ಅವಳನ್ನ ಕಳಿಸಿರೋದು. ಒಬ್ಬಳೇ ಅಂದಿದ್ರೆ ನನಗೆ ನಿದ್ದೆ ಬರ್ತಿತ್ತಾ? ಒಟ್ಟಿಗೇ ಇದೀರ ತಾನೇ?" ಅಂದಳು. ನಿಜ ಹೇಳಲೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. "ಅದೇನೇ, ನೇಪಾಳದಲ್ಲೂ ಕುಕ್ಕರ್ರಾ?" ಎಂದು ನಕ್ಕಳು. ಹೋಟೆಲಿನವರದು ಅಂದೆ, ಚಳಿ ತುಂಬಾ ಅಂದೆ, ನೀನು ಪಕ್ಕದಲ್ಲೇ ಮಲಗಿದ್ದೀಯೆ ಅಂದೆ. ಇನ್ನು ದಿನಾ ಫೋನ್ ಮಾಡುತ್ತಾಳೆ. ಆದ್ದರಿಂದ ಪ್ರತಿ ಸಂಜೆ, ನಾನು ಎಲ್ಲಿಗೆ ತಲುಪಿದೆ ಎಂದು ನನಗೆ ತಿಳಿಸು.