ಹನ್ನೊಂದನೇ ನಂಬರ್

ಜಾಲಹಳ್ಳಿ, ದೇವದುರ್ಗ ತಾಲೂಕು

ಮ್ಯಾನೇಜರ್ ವಿರೂಪನಗೌಡರಿಗೆ ಮೌನೇಶ್ವರಿಯ ನಮಸ್ಕಾರ.

ಬ್ಯಾಂಟಮ್‌ವೇಟ್ ಬಾಕ್ಸರುಗಳ ಹೊಸ ವಿಶ್ವ ರ‍್ಯಾಂಕಿಂಗ್ ನೋಡಿದೆ. ಹನ್ನೊಂದನೆಯವಳಾಗಿದ್ದ ನನ್ನ ಹೆಸರೇ ಅದರಲ್ಲಿಲ್ಲ. ವರ್ಷವಿಡೀ ರಿಂಗಿಗೆ ಇಳಿಯದವರನ್ನು ತೆಗೆದುಹಾಕುತ್ತಾರಂತೆ. ಬಂದ ಮೂರು ಪಂದ್ಯಗಳನ್ನೂ ಬೇಡವೆಂದವರು ನೀವು. "ಸೋತ್ರ ನಂಬರ್ ಇಳೀತದ. ಸುಮ್ನ ಕುಂದ್ರು, ಮ್ಯಾಲಿನವ್ರು ತಾವಾಗೇ ಹೋಗ್ತಾರ" ಎಂದಿರಿ. ಐವತ್ಮೂರೂವರೆ ಕಿಲೋ ದಾಟದಂತೆ ಕುಳಿತೆ. ಮೇಲಿನವರು ಅಲ್ಲೇ ಇದ್ದಾರೆ, ಹೋದವಳು ನಾನು.

ಎಳ್ಳಮವಾಸ್ಯೆಯಂದು ಹೊಲಕ್ಕೆ ಚರಗದ ಎಡೆ ಚೆಲ್ಲಿ ಎಲ್ಲರೂ ಉಣ್ಣಲು ಕೂತಾಗಲೂ ನಾನು ಸೌತೆಕಾಯಿ ಕಡಿಯುತ್ತಿದ್ದೆ. "ಭೂಮ್ತಾಯಿನೂ ಉಂಡ್ಳು, ನೀ ಯಾಕ ಉಣ್ಣವಲ್ಲಿ?" ಎಂದಳು ಅವ್ವ. "ಬೆಲ್ಟ್ ಗೆದ್ದ ದಿನ ಹೊಟ್ಟಿ ತುಂಬ ಉಣ್ತೀನಿ ಬೇ" ಎಂದಿದ್ದೆ.

ನನ್ನ ಪಾಸ್‌ಪೋರ್ಟನ್ನು ದೇವದುರ್ಗದ ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿ. ರಾಯಚೂರಿನ ನಿಮ್ಮ ಜಿಮ್ಮಿನ ಬಾಗಿಲಲ್ಲಿರುವ ನನ್ನ ಫ್ಲೆಕ್ಸ್ ಇಳಿಸಿ.

ನಿನ್ನೆ ಮಧ್ಯಾಹ್ನ ನಾಲ್ಕು ರೊಟ್ಟಿ ಉಂಡೆ, ಮೇಲೆ ಹೋಳಿಗೆ ಕೇಳಿ ಹಾಕಿಸಿಕೊಂಡೆ. ಅವ್ವ ಕಣ್ಣೊರೆಸಿಕೊಂಡು ಹೊರಗೆ ಹೋದವಳು, ಮಗಳು ಗೆದ್ದಳೆಂದು ಓಣಿಗೆಲ್ಲ ಸಕ್ಕರೆ ಹಂಚಿ ಬಂದಳು.

ಇಂತಿ,
ಮೌನೇಶ್ವರಿ