ನಮ್ಮ ತೃಪ್ತಿಗಾಗಿ ನಮ್ಮ ಕೋಣೆ ಕಿತ್ತುಕೊಂಡವರಿಗೆ

ಮಾನ್ಯ ಆಡಳಿತಾಧಿಕಾರಿಗಳೇ,

ನಮ್ಮ ಆಸ್ಪತ್ರೆಯ ಔಷಧ ವಿಭಾಗದ ಪಕ್ಕದಲ್ಲಿ ಒಂದು ಪುಟ್ಟ ಕೋಣೆ ಇದೆ. ಎರಡು ಕುರ್ಚಿ, ಒಂದು ಮೇಜು, ಮೂಲೆಯಲ್ಲಿ ಒಂದು ನಲ್ಲಿ. ಔಷಧ ಹೇಗೆ ತೆಗೆದುಕೊಳ್ಳಬೇಕೆಂದು ರೋಗಿಗಳನ್ನು ಕೂರಿಸಿಕೊಂಡು ನಾವು ಹೇಳಿಕೊಡುವುದು ಅಲ್ಲಿ. ಬರುವ ಸೋಮವಾರ ಅದನ್ನು ತೆರವು ಮಾಡಿ, ಅಲ್ಲಿ ಸಿಬ್ಬಂದಿಗಾಗಿ ‘ವೃತ್ತಿ ತೃಪ್ತಿ ಕೊಠಡಿ’ ತೆರೆಯಬೇಕೆಂದು ತಾವು ಸುತ್ತೋಲೆ ಹೊರಡಿಸಿದ್ದೀರಿ. ಅಂದರೆ, ಈ ಕೆಲಸದಲ್ಲಿ ನಮಗೆ ತೃಪ್ತಿ ಸಿಗುತ್ತಿದ್ದ ಒಂದೇ ಒಂದು ಜಾಗವನ್ನು ಕಿತ್ತುಕೊಂಡು, ಅದೇ ಜಾಗದಲ್ಲಿ ನಮಗೆ ತೃಪ್ತಿ ಹಂಚಲಿದ್ದೀರಿ. ಇಂಥ ಯೋಚನೆ ಸಾಮಾನ್ಯರ ತಲೆಗೆ ಹೊಳೆಯುವುದಿಲ್ಲ. ಅದಕ್ಕೊಂದು ಹುದ್ದೆ ಬೇಕು, ಆ ಹುದ್ದೆಗೊಂದು ತಿರುಗುವ ಕುರ್ಚಿ ಬೇಕು.

ಈ ಮಾತನ್ನು ತಮ್ಮ ಕೊಠಡಿಗೇ ಬಂದು ಹೇಳಿದೆ. ತಾವು ಕೇಳಿಸಿಕೊಳ್ಳಲಿಲ್ಲ. ಆದ್ದರಿಂದ ಈಗ ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದೇನೆ.

ಮೊದಲು ನಾವು ಔಷಧ ಕೊಡುವ ಕಿಟಕಿಯ ವಿಷಯ. ತಾವು ಅದನ್ನು ಒಳಗಿನಿಂದಲೂ ನೋಡಿಲ್ಲ, ಹೊರಗಿನಿಂದಲೂ ನೋಡಿಲ್ಲ. ಬಹುಶಃ ನಕ್ಷೆಯಲ್ಲಿ ನೋಡಿದ್ದೀರಿ. ಮೇಲೆ ದಪ್ಪ ಗಾಜು. ಆ ಗಾಜಿನ ಮೇಲೆ ತಮ್ಮ ಕಚೇರಿಯಿಂದ ಬಂದ ಸೂಚನೆಗಳನ್ನೆಲ್ಲ ಅಂಟಿಸಿ ಅಂಟಿಸಿ, ಈಗ ಆಚೆಯವರ ಮುಖ ಈಚೆಗೆ, ಈಚೆಯವರ ಮುಖ ಆಚೆಗೆ ಕಾಣುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಅಕ್ಷರದ ಸೂಚನೆ: ‘ಮಾತು ಕಡಿಮೆ, ಸೇವೆ ಹೆಚ್ಚು’. ಕೆಳಗೆ ಅರ್ಧಚಂದ್ರದಂಥ ಒಂದು ರಂಧ್ರ. ರೋಗಿ ಸೊಂಟ ಬಗ್ಗಿಸಿ ಚೀಟಿ ತೂರಿಸಬೇಕು, ನಾನು ಔಷಧದ ಪೊಟ್ಟಣ ತೂರಿಸಬೇಕು. ಒಂದು ಟೋಕನ್ ಸಂಖ್ಯೆ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ತಲೆಯ ಮೇಲಿನ ಕೆಂಪು ದೀಪ ಮಿಣುಕತೊಡಗುತ್ತದೆ, ನಾನೇನೋ ಕಳ್ಳತನ ಮಾಡುತ್ತಿದ್ದೇನೆ ಅನ್ನುವ ಹಾಗೆ. ನಾಲ್ಕು ವರ್ಷ ಓದಿ ಬಂದವಳು ನಾನು. ಯಾವ ಔಷಧ ದೇಹದ ಯಾವ ಮೂಲೆಯಲ್ಲಿ ಏನು ಮಾಡುತ್ತದೆ, ಯಾವುದರ ಜೊತೆ ಯಾವುದು ಜಗಳವಾಡುತ್ತದೆ ಎಂದು ಕಲಿಸಿದರು. ಕೊನೆಗೆ ಕೆಲಸ ಕೊಟ್ಟದ್ದು ನನ್ನ ಎರಡು ಕೈಗಳಿಗೆ ಮಾತ್ರ. ತಲೆಯನ್ನು ಮನೆಯಲ್ಲೇ ಬಿಟ್ಟು ಬಂದರೆ ಹಾಜರಿ ಯಂತ್ರಕ್ಕೆ ಗೊತ್ತೂ ಆಗುವುದಿಲ್ಲ. ಅದಕ್ಕೆ ಬೇಕಿರುವುದು ಹೆಬ್ಬೆರಳು.

ಹೊರಗೆ ಮರ್ಯಾದೆ ಇಲ್ಲವೆಂದು ನಾನು ಗೋಳಾಡುವುದಿಲ್ಲ. ನನ್ನ ಚಿಕ್ಕಮ್ಮ ನೆಂಟರ ಮುಂದೆ ನನ್ನನ್ನು ಪರಿಚಯಿಸುವಾಗ “ನಮ್ಮ ಹುಡುಗಿ ಅರ್ಧ ಡಾಕ್ಟ್ರು” ಅನ್ನುತ್ತಾರೆ. ಹೆಮ್ಮೆಯಿಂದಲೇ ಅನ್ನುತ್ತಾರೆ, ಪಾಪ. ಒಮ್ಮೆ ತಡೆಯಲಾರದೆ, “ಚಿಕ್ಕಮ್ಮ, ನಾನು ಪೂರ್ತಿ ಫಾರ್ಮಸಿಸ್ಟು” ಅಂದೆ. “ಅದೇ ಕಣೇ, ಅಂಗಡೀಲಿ ಮಾತ್ರೆ ಕೊಡೋದು ತಾನೇ? ಅದಕ್ಕಿಂತ ಅರ್ಧ ಡಾಕ್ಟ್ರು ಅಂದ್ರೆ ಕೇಳೋಕೆ ಚೆನ್ನಾಗಿರತ್ತೆ” ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಆಸ್ಪತ್ರೆ ನಡೆಸುವುದಿಲ್ಲ. ಆದರೆ ಆಸ್ಪತ್ರೆ ನಡೆಸುವ ತಮ್ಮ ತಿಳುವಳಿಕೆಯೂ ಚಿಕ್ಕಮ್ಮನ ತಿಳುವಳಿಕೆಯೂ ಒಂದೇ ಮಟ್ಟದಲ್ಲಿದ್ದರೆ, ಸಂಬಳವಾದರೂ ಅವರಿಗೇ ಹೋಗಲಿ.

ಹೋದ ತಿಂಗಳು ತಾವು ನಮಗೆ ತೃಪ್ತಿಯ ತರಬೇತಿ ಕೊಡಿಸಿದಿರಿ. ಹೊರಗಿನಿಂದ ಒಬ್ಬ ತಜ್ಞರು ಬಂದರು. ಎಲ್ಲರ ಕೈಗೂ ಒಂದೊಂದು ಬಲೂನು ಕೊಟ್ಟು, “ನಿಮ್ಮ ಬೇಸರವನ್ನೆಲ್ಲ ಇದರೊಳಗೆ ಊದಿ” ಎಂದರು. ನಮ್ಮ ವಿಭಾಗದ ಹಿರಿಯರು, ನಿವೃತ್ತಿಗೆ ಹತ್ತಿರವಾದವರು, ನಾವೆಲ್ಲ ಅಣ್ಣ ಎಂದು ಕರೆಯುವವರು, ವಿಧೇಯರಾಗಿ ಊದಿದರು. ಊದುತ್ತಾ ಊದುತ್ತಾ ನನ್ನ ಕಡೆ ಬಾಗಿ, “ಇದು ಒಡೆದ್ರೆ ತೃಪ್ತಿನೋ, ಒಡೀದಿದ್ರೆ ತೃಪ್ತಿನೋ?” ಎಂದು ಕೇಳಿದರು. “ಕೇಳಿ ನೋಡಿ ಅಣ್ಣ” ಅಂದೆ. “ಬೇಡ ಬಿಡು, ಪಿಂಚಣಿ ಹತ್ರ ಇದೆ” ಅಂದರು. ಸಭಾಂಗಣದಲ್ಲಿ ಅಷ್ಟೊಂದು ಜನರ ಬೇಸರ ಬಣ್ಣಬಣ್ಣವಾಗಿ ತೇಲಾಡುತ್ತಿತ್ತು. ತಾವು ಅದರ ಮಧ್ಯೆ ನಿಂತು ಫೋಟೋ ತೆಗೆಸಿಕೊಂಡಿರಿ.

ದುಡಿಯುವವನಿಗೆ ತನ್ನ ದುಡಿಮೆ ಯಾರಿಗೆ ತಲುಪಿತು, ತಲುಪಿ ಏನಾಯಿತು ಎಂಬುದು ಕಾಣಬೇಕು. ಕಾಣದಿದ್ದರೆ ಅವನು ಕೂಲಿ ಪಡೆಯುವ ಯಂತ್ರವಾಗುತ್ತಾನೆ. ಇದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ. ಬಸ್ ನಿಲ್ದಾಣದ ಎದುರು ಹಳೇ ಪುಸ್ತಕ ಮಾರುವವರ ಹತ್ತಿರ ಕೊಂಡ, ಪಿನ್ನು ತುಕ್ಕು ಹಿಡಿದ, ಕಾರ್ಮಿಕರ ಬಗೆಗಿನ ತೆಳ್ಳನೆಯ ಪುಸ್ತಿಕೆಗಳಿಂದ. ತಮಗೆ ಅಂಥ ಪುಸ್ತಿಕೆಗಳು ಇಷ್ಟವಿಲ್ಲವೆಂದು ಬಲ್ಲೆ. ಹೋಗಲಿ, ಪುಸ್ತಿಕೆ ಬೇಡ. ಒಬ್ಬ ಟೈಲರ್ ವಿಷಯ ಹೇಳುತ್ತೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. “ಧಾರಾಳವಾಗಿ ಬರೀರಿ, ಸೂಜಿ ವಿಷಯ ಮಾತ್ರ ಬಿಡಬೇಡಿ” ಎಂದಿದ್ದಾರೆ.

ಅವರಿಗೆ ಉಸಿರಾಟದ ತೊಂದರೆ. ಹೊಲಿಗೆ ಮೆಷಿನ್ನಿನ ಪೆಡಲ್ ತುಳಿದರೆ ಎದೆ ಸಿಳ್ಳೆ ಹಾಕುತ್ತಿತ್ತು. ಡಾಕ್ಟರು ಬರೆದುಕೊಟ್ಟದ್ದು ಪುಡಿ ತುಂಬಿದ ಕ್ಯಾಪ್ಸೂಲ್. ನೋಡಲು ನುಂಗುವ ಕ್ಯಾಪ್ಸೂಲಿನಂತೆಯೇ ಇದ್ದರೂ ಅದನ್ನು ನುಂಗಬಾರದು. ಜೊತೆಗೆ ಕೊಡುವ ಪುಟ್ಟ ಪ್ಲಾಸ್ಟಿಕ್ ಸಾಧನದೊಳಗೆ ಅದನ್ನಿಟ್ಟು, ತಿರುಗಿಸಿ ಒಡೆದು, ಒಳಗಿನ ಪುಡಿಯನ್ನು ಬಾಯಿಯಿಂದ ಉಸಿರಿನ ಜೊತೆ ಜೋರಾಗಿ ಎಳೆದುಕೊಳ್ಳಬೇಕು. ಡಾಕ್ಟರ ಬಾಗಿಲಲ್ಲಿ ಜನ ಮುತ್ತಿಕೊಂಡಿರುತ್ತಾರೆ. “ಔಷಧ ಕೊಡೋರು ಹೇಳಿಕೊಡ್ತಾರೆ” ಎಂದು ಅವರು ಕಳಿಸಿದ್ದರಲ್ಲಿ ತಪ್ಪೇನಿಲ್ಲ. ಕಿಟಕಿಯಲ್ಲಿ ಮಾತು ಕಡಿಮೆ, ಸೇವೆ ಹೆಚ್ಚು. ಪೊಟ್ಟಣದ ಮೇಲೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಬರೆದು ತೂರಿಸಿದ್ದಾಯಿತು. ತಿಂಗಳುಗಳು ಕಳೆದರೂ ಗುಣ ಕಾಣಲಿಲ್ಲ. ಡಾಕ್ಟರು ಔಷಧದ ಪ್ರಮಾಣ ಹೆಚ್ಚಿಸಿದರು. ಆಗಲೂ ಗುಣವಿಲ್ಲ. ಅಷ್ಟು ಹೊತ್ತಿಗೆ ಈ ಕೋಣೆ ಶುರುವಾಗಿತ್ತು. ಒಂದು ದಿನ ಟೈಲರೂ ಅವರ ಹೆಂಡತಿಯೂ ಬಂದು ಕೂತರು. ಟೈಲರಿಗೆ ಏದುಸಿರು.

“ಔಷಧ ಹೇಗೆ ತಗೋತೀರಿ ಯಜಮಾನ್ರೇ? ಒಂದ್ಸಲ ಮಾಡಿ ತೋರಿಸಿ” ಅಂದೆ.

“ಅದರಲ್ಲಿ ತೋರ್ಸೋದೇನಿದೆ ತಾಯಿ. ಒಂದು ಲೋಟ ನೀರು ಕೊಡಿ.”

“ನೀರು ಯಾಕೆ?”

“ನೀರಿಲ್ದೆ ಹೇಗೆ ಇಳಿಯತ್ತೆ? ಮೊದಮೊದಲು ಗಂಟಲಿಗೆ ಸಿಕ್ಕಿಕೊಳ್ತಿತ್ತು. ಈಗ ಅಭ್ಯಾಸ ಆಗಿದೆ.”

ನಾನು ಮೆಲ್ಲಗೆ ಕೇಳಿದೆ: “ಇದರ ಜೊತೆ ಒಂದು ಪ್ಲಾಸ್ಟಿಕ್ ಡಬ್ಬಿ ಥರದ್ದು ಕೊಟ್ಟಿದ್ರಲ್ಲ, ಅದೆಲ್ಲಿ?”

ಅವರ ಮುಖ ಅರಳಿತು. “ಅದಾ? ಅದ್ರಲ್ಲಿ ಮೆಷಿನ್ ಸೂಜಿ ಹಾಕಿಟ್ಟಿದೀನಿ. ಭಾರೀ ಅನುಕೂಲ. ಆಸ್ಪತ್ರೇಲಿ ಇಷ್ಟು ಒಳ್ಳೇ ಡಬ್ಬಿ ಪುಕ್ಕಟೆ ಕೊಡ್ತಾರೆ ಅಂತ ಅಂಗಡಿಗೆ ಬಂದೋರಿಗೆಲ್ಲ ಹೇಳ್ತಿರ್ತೀನಿ.”

ಹೆಂಡತಿ ಹಣೆ ಚಚ್ಚಿಕೊಂಡರು. “ನಾನು ಬಡ್ಕೊಂಡೆ, ಅದು ಯಾತಕ್ಕೆ ಅಂತ ಕೇಳ್ರೀ ಅಂತ.”

“ಯಾರನ್ನ ಕೇಳ್ಲಿ? ಕಿಟಕೀಲಿ ಬರೀ ಕೈ ಕಾಣತ್ತೆ. ಕೈ ಹತ್ರ ಮಾತಾಡೋಕಾಗತ್ತಾ? ಹಿಂದಿನೋರು ಬೇರೆ ಬೆನ್ನಿಗೆ ತಿವೀತಿರ್ತಾರೆ.”

ಮಾನ್ಯರೇ, ಈ ಕಥೆಯಲ್ಲಿ ದಡ್ಡರು ಯಾರೂ ಇಲ್ಲ. ಕ್ಯಾಪ್ಸೂಲನ್ನು ನುಂಗುವುದು ಲೋಕರೂಢಿ. ಡಾಕ್ಟರು ಸರಿಯಾದ ಔಷಧವನ್ನೇ ಬರೆದಿದ್ದರು, ಕಿಟಕಿ ಸರಿಯಾದ ಔಷಧವನ್ನೇ ಕೊಟ್ಟಿತ್ತು, ರೋಗಿ ಒಂದು ದಿನವೂ ತಪ್ಪಿಸದೆ ತೆಗೆದುಕೊಂಡಿದ್ದರು. ತಮ್ಮ ವರದಿಯಲ್ಲಿ ಎಲ್ಲ ಅಂಕಣವೂ ಸರಿ. ಆದರೆ ಶ್ವಾಸಕೋಶಕ್ಕೆ ಹೋಗಬೇಕಾದ ಔಷಧ ಮಾತ್ರ ಹೊಟ್ಟೆಗೆ ಹೋಗುತ್ತಿತ್ತು. ಅದನ್ನು ಕಂಡುಹಿಡಿಯಲು ಬೇಕಾದದ್ದು ಯಾವ ಯಂತ್ರವೂ ಅಲ್ಲ; ಒಂದು ಕುರ್ಚಿ, ಇನ್ನೊಂದು ಕುರ್ಚಿ, ಮತ್ತು ಹಿಂದಿನಿಂದ ಯಾರೂ ತಿವಿಯದಂಥ ಸ್ವಲ್ಪ ಹೊತ್ತು. ಅಣ್ಣ ಹೊಸ ಸಾಧನ ತಂದುಕೊಟ್ಟರು. ಟೈಲರ್ ಮೊದಲ ಸಲ ಎಳೆದಾಗ ಕೆಮ್ಮಿದರು, ಎರಡನೇ ಸಲ ಪುಡಿಯನ್ನು ಊದಿ ನನ್ನ ಕೋಟಿನ ಮೇಲೆ ಹಾರಿಸಿದರು, ಮೂರನೇ ಸಲ ಸರಿಯಾಯಿತು. ಮೂಲೆಯ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿದರು. ಈ ಔಷಧ ಎಳೆದ ಮೇಲೆ ಮುಕ್ಕಳಿಸಲೇಬೇಕು.

ಕೆಲವು ವಾರಗಳ ಮೇಲೆ ಅವರು ಮತ್ತೆ ಬಂದರು. ಮೆಟ್ಟಿಲ ಮಧ್ಯೆ ಕೂರದೆ ಹತ್ತಿ ಬಂದಿದ್ದರು. ನನ್ನ ಕೋಟನ್ನೇ ದಿಟ್ಟಿಸಿ, “ಇದನ್ನ ಯಾರು ತಾಯಿ ಹೊಲಿದದ್ದು? ಎರಡು ಭುಜ ಇಬ್ಬರು ಬೇರೆ ಬೇರೆ ಮನುಷ್ಯರದ್ದಿದ್ದಂಗಿದೆ” ಅಂದರು. ಆಸ್ಪತ್ರೆಯವರು ಕೊಟ್ಟದ್ದು ಅಂದೆ. “ಬಿಚ್ಚಿಕೊಡಿ, ಸರಿ ಮಾಡ್ಕೊಡ್ತೀನಿ. ನಿಮ್ಮ ಕೆಲಸಕ್ಕೆ ಇದು ಒಪ್ಪಲ್ಲ” ಅಂದರು. ನಿಮ್ಮ ಕೆಲಸಕ್ಕೆ. ಈ ಆಸ್ಪತ್ರೆಗೆ ಸೇರಿದ ಮೇಲೆ ನನ್ನ ಕೆಲಸಕ್ಕೆ ಯಾವುದು ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ ಎಂದು ಯೋಚಿಸಿದ ಮೊದಲ ಮನುಷ್ಯ ಅವರು. ಬಲೂನಿನ ತಜ್ಞರಿಗೆ ಕೊಟ್ಟ ಊಟೋಪಚಾರವನ್ನು ಅವರಿಗೆ ಕೊಟ್ಟಿದ್ದರೆ ನನಗೆ ಸಂತೋಷವಾಗುತ್ತಿತ್ತು.

ಇದನ್ನೆಲ್ಲ ಹೇಳೋಣವೆಂದು ತಮ್ಮ ಕೊಠಡಿಗೆ ಬಂದಿದ್ದೆ. ತಮ್ಮ ಎದುರು ಖಾಲಿ ಕುರ್ಚಿಗಳಿದ್ದವು. ಕೂರಿ ಅನ್ನಲಿಲ್ಲ, ಹಾಗಾಗಿ ನಿಂತೇ ಹೇಳಿದೆ. ತಾವು ಮೊಬೈಲಿನಿಂದ ತಲೆ ಎತ್ತದೆ, “ನೋಡಮ್ಮ, ಔಷಧ ಹೇಗೆ ನುಂಗೋದು ಅಂತ ಹೇಳಿಕೊಡೋಕೆ ಒಂದು ರೂಮ್ ಬೇಕಾ?” ಎಂದಿರಿ.

“ಸರ್, ಅದನ್ನ ನುಂಗಬಾರದು. ನಾನು ಇಷ್ಟೊತ್ತು ಹೇಳಿದ್ದು ಅದನ್ನೇ” ಅಂದೆ.

ತಾವು ಬಾಗಿಲಲ್ಲಿದ್ದ ಜವಾನರ ಕಡೆ ನೋಡಿದಿರಿ. ಅವರು ಚಾವಣಿ ನೋಡಿದರು. “ಕರಪತ್ರದ ಭಾಷೆ ಬೇಡ. ನಿಮ್ಮ ಒಳ್ಳೇದಕ್ಕೇ ತಾನೇ ಮಾಡ್ತಿರೋದು? ಬೀನ್ ಬ್ಯಾಗ್ ಬರತ್ತೆ, ಸಣ್ಣ ಕಾರಂಜಿ ಬರತ್ತೆ. ನೀರಿನ ಸದ್ದು ಕೇಳಿದ್ರೆ ಮನಸ್ಸು ಶಾಂತ ಆಗತ್ತೆ” ಎಂದಿರಿ. ಕಾರಂಜಿಗೆ ನೀರು ಬರುವುದು ಅದೇ ಮೂಲೆಯ ನಲ್ಲಿಯಿಂದ. ಆಮೇಲೆ ನನ್ನನ್ನು ಸಮಾಧಾನಪಡಿಸುವಂತೆ, ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸುವ ಗೌರವವನ್ನು ‘ಉತ್ಸಾಹಿ ಯುವ ಸಿಬ್ಬಂದಿ’ಯಾದ ನನಗೇ ಕೊಟ್ಟಿರಿ. ಮನೆ ಖಾಲಿ ಮಾಡಿಸುವವರು ಬಾಡಿಗೆದಾರರ ಕೈಯಲ್ಲೇ ಬೀಗ ಹಾಕಿಸುವುದುಂಟು. ಆದರೆ ಅದಕ್ಕೆ ಗೌರವ ಎಂದು ಹೆಸರಿಡುವುದಿಲ್ಲ. ಅಂದಹಾಗೆ, ತಮ್ಮ ಮೇಜಿನ ಮೇಲಿದ್ದ ಮಾತ್ರೆಗಳನ್ನು ನೋಡಿದೆ. ಅವುಗಳ ಬಗ್ಗೆ ಇಲ್ಲಿ ಒಂದಕ್ಷರ ಬರೆಯುವುದಿಲ್ಲ. ನಮ್ಮ ವೃತ್ತಿಗೂ ಒಂದು ಮರ್ಯಾದೆ ಇದೆ. ಕೋಣೆ ಉಳಿದರೆ ಬಂದು ಕೂರಿ, ಹೇಳಿಕೊಡುತ್ತೇನೆ.

ವಿಶ್ರಾಂತಿಯ ಜಾಗ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ನರ್ಸ್ ಅಕ್ಕಂದಿರು ಬಟ್ಟೆ ಒಣಹಾಕುವ ಜಾಗದಲ್ಲಿ ನಿಂತು ಬುತ್ತಿ ಬಿಚ್ಚುತ್ತಾರೆ. ಅವರಿಗೆ ಕೋಣೆ ಬೇಕೇ ಬೇಕು. ತಮ್ಮ ಕಚೇರಿಯ ಪಕ್ಕದ ಗಣ್ಯರ ನಿರೀಕ್ಷಣಾ ಕೊಠಡಿಯ ಸೋಫಾಗಳ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿಲ್ಲ. ಯಾವ ಗಣ್ಯರೂ ಕಾಯಿಲೆ ಬಿದ್ದರೆ ನಮ್ಮ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ತಮಗೂ ಗೊತ್ತು. ಅಲ್ಲಿಡಿ ಬೀನ್ ಬ್ಯಾಗು. ಅಲ್ಲಿ ಹರಿಯಲಿ ಕಾರಂಜಿ. ತೃಪ್ತಿ ನಮಗೆ ಸರಬರಾಜು ಮಾಡುವ ಸಾಮಾನಲ್ಲ, ಮಾನ್ಯರೇ. ಕೆಲಸವನ್ನು ಪೂರ್ತಿ ಮಾಡಲು ಬಿಟ್ಟರೆ ಅದು ತಾನಾಗಿ ಬರುತ್ತದೆ, ಅದೂ ಪುಕ್ಕಟೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ. ಕೋಣೆಯನ್ನು ಇದ್ದಂತೆಯೇ ಬಿಡಿ. ಗಾಜಿನ ಮೇಲಿನ ಸೂಚನೆಗಳನ್ನು ಕಿತ್ತು, ನಮ್ಮ ಮುಖ ರೋಗಿಗಳಿಗೂ ಅವರ ಮುಖ ನಮಗೂ ಕಾಣುವಂತೆ ಮಾಡಿ.

ಇವುಗಳಲ್ಲಿ ಒಂದನ್ನೂ ತಾವು ಮಾಡದೆ ಹೋಗಬಹುದು. ಹಾಗಾಗಿ ಸೋಮವಾರದ ವಿಷಯ ಮೊದಲೇ ತಿಳಿಸಿಬಿಡುತ್ತೇನೆ. ಮೊನ್ನೆ ಒಬ್ಬ ತಂದೆ ಬಂದಿದ್ದರು. ಲಾರಿ ಡ್ರೈವರ್. ಅವರ ಪುಟ್ಟ ಮಗಳಿಗೆ ಸಕ್ಕರೆ ಕಾಯಿಲೆ ಎಂದು ಈಗಷ್ಟೇ ಗೊತ್ತಾಗಿದೆ. ವಾರ್ಡಿನಲ್ಲಿ ನರ್ಸ್ ಇನ್ಸುಲಿನ್ ಚುಚ್ಚುತ್ತಿದ್ದಾರೆ. ಮಂಗಳವಾರ ಮನೆಗೆ ಹೋದ ಮೇಲೆ ದಿನವೂ ಈ ತಂದೆಯೇ ಚುಚ್ಚಬೇಕು. “ಇಷ್ಟು ದೊಡ್ಡ ಸ್ಟೀರಿಂಗ್ ಹಿಡಿಯೋ ಕೈ ಇದು, ಇಷ್ಟೇ ಇಷ್ಟು ಸೂಜಿ ನೋಡಿದ್ರೆ ನಡುಗತ್ತೆ ಮೇಡಮ್. ಅವಳ ಮುಂದೆ ನಡುಗಿದ್ರೆ ಅವಳು ಹೆದರ್ತಾಳೆ” ಅಂದರು. ಮಗಳಿಗೆ ಚುಚ್ಚುವ ಮೊದಲು ಒಂದು ಸ್ಪಂಜಿನ ತುಂಡಿಗೆ ಚುಚ್ಚಿ ಚುಚ್ಚಿ ಕೈ ಪಳಗಿಸಿಕೊಳ್ಳಲು ಅವರಿಗೆ ಯಾರೂ ನೋಡದ ಒಂದು ಜಾಗ ಬೇಕು. ಸೋಮವಾರ ಬೆಳಿಗ್ಗೆ ಬನ್ನಿ ಎಂದು ಹೇಳಿದ್ದೇನೆ.

ಅದು ತಮ್ಮ ಉದ್ಘಾಟನೆಯ ಹೊತ್ತೂ ಹೌದು. ತಾವು ಫೋಟೋಗ್ರಾಫರ್ ಸಮೇತ ಬಂದಾಗ ಬಾಗಿಲು ಮುಚ್ಚಿರುತ್ತದೆ. ರಿಬ್ಬನ್ ಕಟ್ಟಿಕೊಳ್ಳಿ, ನನ್ನ ಅಡ್ಡಿಯಿಲ್ಲ. ಆದರೆ ದಯವಿಟ್ಟು ಜೋರಾಗಿ ಬಾಗಿಲು ಬಡಿಯಬೇಡಿ. ಒಳಗಿರುವವರ ಕೈ ಈಗಷ್ಟೇ ಸ್ಥಿರವಾಗುತ್ತಿರುತ್ತದೆ. ಅವರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೋ ಅಷ್ಟು ಹೊತ್ತು ತಾವು ಹೊರಗೆ ಕಾಯಬೇಕು.

ಇಂತಿ,
ಸೋಮವಾರ ಬೆಳಿಗ್ಗೆ ರಿಬ್ಬನ್ ಕತ್ತರಿಸಲು ಪುರುಸೊತ್ತಿಲ್ಲದ,
ಮಂಗಳವಾರದಿಂದ ಬಹುಶಃ ಬೇಕಾದಷ್ಟು ಪುರುಸೊತ್ತಿರುವ,
ತಮ್ಮದೇ ಆಸ್ಪತ್ರೆಯ ಒಬ್ಬ ಪೂರ್ತಿ ಫಾರ್ಮಸಿಸ್ಟ್